ಕೂಡಿಸಿದ್ದರೆ ಸಾಕಿತ್ತು

ಪರೀಕ್ಷಾ ಭವನದ ಕಿಟಕಿಯಲ್ಲಿ ಎರಡು ಬಗೆಯ ಅರ್ಜಿಗಳಿದ್ದವು. ಒಂದು ಮರುಎಣಿಕೆಗೆ, ಇನ್ನೊಂದು ಮರುಮೌಲ್ಯಮಾಪನಕ್ಕೆ. ಮರುಎಣಿಕೆಗೆ ದುಡ್ಡೂ ಕಡಿಮೆ, ದಿನವೂ ಕಡಿಮೆ. ಒಳಪುಟಗಳಲ್ಲಿ ಬಿದ್ದ ಅಂಕಗಳೆಲ್ಲ ಮುಖಪುಟಕ್ಕೆ ಬಂದಿವೆಯೇ, ಕೂಡಿದ್ದು ಸರಿಯಿದೆಯೇ ಎಂದು ಕಚೇರಿಯವರೇ ನೋಡಿ ಮುಗಿಸುತ್ತಾರೆ. ಮರುಮೌಲ್ಯಮಾಪನವೆಂದರೆ ಬೇರೊಬ್ಬ ಅಧ್ಯಾಪಕರು ಉತ್ತರಗಳನ್ನು ಮೊದಲಿಂದ ಓದಿ ಹೊಸದಾಗಿ ಅಂಕ ಹಾಕುವುದು. 2008ರ ಜುಲೈನಲ್ಲಿ ಆ ಕಿಟಕಿಯ ಹಿಂದಿದ್ದ ಗುಮಾಸ್ತರು ನನ್ನ ಫಲಿತಾಂಶದ ಪ್ರಿಂಟನ್ನು ಮೇಲಿಂದ ಕೆಳಗೆ ನೋಡಿ, "ಮಿಕ್ಕಿದ್ದೆಲ್ಲ ಎಪ್ಪತ್ತರ ಮೇಲಿದೆ, ಇದೊಂದರಲ್ಲಿ ಇಪ್ಪತ್ತೆರಡು. ಕೂಡೋದ್ರಲ್ಲೇ ಏನೋ ಆಗಿರ್ಬೇಕು ಕಣಪ್ಪ. ಸುಮ್ನೆ ಮರುಎಣಿಕೆ ಹಾಕು" ಅಂದರು.

ನಾನು ಮರುಮೌಲ್ಯಮಾಪನದ ಅರ್ಜಿ ಕೇಳಿ ತೆಗೆದುಕೊಂಡೆ. ನನ್ನ ಎಂ.ಎಸ್ಸಿ. ಸೀಟು ಹೋದದ್ದು ಅಲ್ಲಿಯೇ. ಬಹಳ ವರ್ಷ ನಾನು ಈ ಕಥೆಯನ್ನು ಬೇರೆ ಥರ ಹೇಳಿಕೊಂಡು ಬಂದೆ. ವಿಶ್ವವಿದ್ಯಾಲಯ ತಡ ಮಾಡಿತು, ಬಡವರ ಮನೆ ಹುಡುಗನ ಸೀಟು ಹೋಯಿತು ಎಂದರೆ ಕೇಳಿದವರೆಲ್ಲ ವ್ಯವಸ್ಥೆಗೆ ಶಾಪ ಹಾಕುತ್ತಿದ್ದರು, ನನಗೂ ಹಿತವಾಗುತ್ತಿತ್ತು. ತಡವಾದದ್ದು ಸುಳ್ಳಲ್ಲ. ಆದರೆ ಕಿಟಕಿಯ ಆ ಮಾತುಕತೆಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಆಗ ನಾನು ಬಿ.ಎಸ್ಸಿ. ಕೊನೆಯ ಸೆಮಿಸ್ಟರ್ ಬರೆದು ಕೂತಿದ್ದೆ. ನೆರೆರಾಜ್ಯದ ಒಂದು ಕೇಂದ್ರೀಯ ವಿಶ್ವವಿದ್ಯಾಲಯದ ಗಣಿತ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆದು ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು. ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಅಲ್ಲಿಗೆ ಹೋದವರಿದ್ದಾರೆಂದು ಯಾರಿಗೂ ನೆನಪಿರಲಿಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲಕ್ಕೆ ಮಾತಾಡಿಟ್ಟಿದ್ದರು. ಪದವಿಯಲ್ಲಿ ಶೇ. 55 ಇರಬೇಕು, ಫಲಿತಾಂಶ ಬಾರದವರು ಮುಚ್ಚಳಿಕೆ ಬರೆದುಕೊಟ್ಟು ಸೇರಬಹುದು, ಆಗಸ್ಟ್ ಮೊದಲ ವಾರ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು ಎಂದು ಪತ್ರದಲ್ಲಿತ್ತು. ಫಲಿತಾಂಶ ಬಾರದೇ ಇದ್ದಿದ್ದರೆ ನಾನು ಮುಚ್ಚಳಿಕೆ ಬರೆದು ಸೇರಿಬಿಡುತ್ತಿದ್ದೆ. ನನ್ನ ಫಲಿತಾಂಶ ಬಂದುಬಿಟ್ಟಿತ್ತು, ಅದರಲ್ಲಿ ನಾನು ಫೇಲಾಗಿದ್ದೆ.

ಅದೂ ಗಣಿತದಲ್ಲಿ, ಅದೂ ಸಂಕೀರ್ಣ ವಿಶ್ಲೇಷಣೆಯ ಪತ್ರಿಕೆಯಲ್ಲಿ. ನಾನು ಕಾಲೇಜಿನಲ್ಲಿ ಮೆರೆಯುತ್ತಿದ್ದುದೇ ಅದರಲ್ಲಿ. ಜಿಲ್ಲಾ ಗ್ರಂಥಾಲಯದಲ್ಲಿ ರೂಯೆಲ್ ಚರ್ಚಿಲ್ ಅವರ ಸಂಕೀರ್ಣ ಚರಗಳ ಹಳೆಯ ಪುಸ್ತಕವೊಂದು ಸಿಕ್ಕಿ, ನಮ್ಮ ಪಠ್ಯದಲ್ಲಿಲ್ಲದ ರೆಸಿಡ್ಯೂ ಪ್ರಮೇಯವನ್ನು ನಾನೇ ಕಲಿತಿದ್ದೆ. ಪರೀಕ್ಷೆಯಲ್ಲಿ ಒಂದು ಸಮಾಕಲದ ಲೆಕ್ಕ ಬಂತು. ಕೋಶಿಯ ಸೂತ್ರಕ್ಕೆ ಹೊಂದುವಂತೆ ಭಿನ್ನರಾಶಿಯನ್ನು ಒಡೆದು, ಎರಡು ತುಂಡು ಮಾಡಿ, ಪುಟ ತುಂಬ ಬರೆಯಬೇಕಾದ ಲೆಕ್ಕ. ನಾನು ವೃತ್ತದೊಳಗಿನ ಎರಡು ಧ್ರುವಗಳನ್ನು ಗುರುತಿಸಿ, ರೆಸಿಡ್ಯೂಗಳನ್ನು ಕೂಡಿ, ನಾಲ್ಕು ಸಾಲಿನಲ್ಲಿ ಮುಗಿಸಿದೆ. ಇನ್ನೂ ಒಂದೆರಡು ಕಡೆ ಅದೇ ಚಾಲಾಕಿ ತೋರಿಸಿದ್ದೆ. ಪರೀಕ್ಷೆ ಮುಗಿಸಿ ಬಂದ ಸಂಜೆ ಗೆಳೆಯರಿಗೆ ಟೀ ಅಂಗಡಿಯಲ್ಲಿ ಇದನ್ನೇ ಬಣ್ಣಿಸಿದ್ದೆ.

ಹಾಗಾಗಿ 22 ಎಂಬ ಅಂಕ ಕಂಡ ಕ್ಷಣವೇ ನನಗೆ ಕಾರಣ ಹೊಳೆದುಹೋಯಿತು. ಪತ್ರಿಕೆ ನೋಡಿದವನಿಗೆ ನನ್ನ ವಿಧಾನ ಅರ್ಥವಾಗಿಲ್ಲ, ಪಠ್ಯದಲ್ಲಿಲ್ಲವೆಂದು ಗೀಟು ಎಳೆದಿದ್ದಾನೆ. ನೂರರಲ್ಲಿ ಎಪ್ಪತ್ತೆಂಟು ಅಂಕ ಹೋಗಲು ಎರಡು ಮೂರು ಲೆಕ್ಕಗಳ ವಿಧಾನ ಸಾಕಾಗುವುದಿಲ್ಲ ಎಂಬ ಸಾದಾ ಗಣಿತ ನನ್ನ ತಲೆಗೆ ಬರಲಿಲ್ಲ. ಗುಮಾಸ್ತರಿಗೆ ಬಂದಿತ್ತು. ಅವರಿಗೆ ರೆಸಿಡ್ಯೂ ಗೊತ್ತಿರಲಿಲ್ಲ. ಅಂಕಪಟ್ಟಿಯನ್ನು ಪಟ್ಟಿಯಂತೆ ಓದಲು ಗೊತ್ತಿತ್ತು. ಎರಡಕ್ಕೂ ಬೇರೆ ಬೇರೆ ಶುಲ್ಕ ಕಟ್ಟಿ ಎರಡೂ ಅರ್ಜಿ ಹಾಕುವವರಿದ್ದರು. ನನಗೆ ಅದು ಬೇಕಿರಲಿಲ್ಲ. ಕೂಡಿದ್ದು ತಪ್ಪಿತ್ತು ಎಂದು ಯಾರೋ ಗುಮಾಸ್ತ ತಿದ್ದಿ ಕಳಿಸಿದರೆ ನನಗೇನು ಬಂತು? ಒಬ್ಬ ವಿದ್ವಾಂಸ ನನ್ನ ಉತ್ತರವನ್ನು ಓದಬೇಕು, ಹುಡುಗ ಸರಿಯಾಗಿಯೇ ಬರೆದಿದ್ದಾನೆ ಎನ್ನಬೇಕು. ಸೀಟಿಗಿಂತ ನನಗೆ ಬೇಕಿದ್ದದ್ದು ಅದು. ಆಗ ಕೇಳಿದ್ದರೆ ಸೀಟೇ ಮುಖ್ಯ ಎನ್ನುತ್ತಿದ್ದೆ, ಅದನ್ನು ನಂಬಿಯೂ ಇದ್ದೆ.

ಚಲನ್ ಕಟ್ಟಿ, ಅರ್ಜಿ ಕೊಟ್ಟು, ಇನ್‌ವರ್ಡ್ ನಂಬರ್ ಬರೆಸಿಕೊಂಡು ಬಸ್ಸು ಹತ್ತಿದೆ. ಆಮೇಲೆ ಶುರುವಾಯಿತು ಕಾಯುವುದು.

ಮರುಮೌಲ್ಯಮಾಪನ ಯಾಕೆ ತಡವಾಗುತ್ತದೆ ಎಂಬುದು ಅಧ್ಯಾಪಕನಾದ ಮೇಲೆ ನನಗೆ ತಿಳಿಯಿತು. ಉತ್ತರಪತ್ರಿಕೆ ಪರೀಕ್ಷಾ ಭವನಕ್ಕೆ ಬಂದೊಡನೆ ಅದರ ನೋಂದಣಿ ಸಂಖ್ಯೆಯ ಭಾಗ ಹರಿದು ಬೇರೆಯಾಗಿ ಒಂದು ಕೋಡು ಬೀಳುತ್ತದೆ. ಮೌಲ್ಯಮಾಪನ ಮುಗಿದ ಮೇಲೆ ಬಂಡಲುಗಳು ಗೋದಾಮು ಸೇರುತ್ತವೆ. ಅರ್ಜಿ ಬಂದಾಗ ಕೋಡಿನ ಪುಸ್ತಕ ತೆಗೆದು, ನಂಬರ್ ಹುಡುಕಿ, ಬಂಡಲು ಬಿಚ್ಚಿ, ಆ ಒಂದು ಪತ್ರಿಕೆಯನ್ನು ಎಳೆದು, ಹಳೆಯ ಅಂಕ ಕಾಣದಂತೆ ಮುಚ್ಚಿ, ಮತ್ತೆ ಕೋಡು ಹಾಕಿ, ಆ ವಿಷಯದ ಒಬ್ಬ ಅಧ್ಯಾಪಕರ ಮುಂದಿಡಬೇಕು. ಒಂದೆರಡು ಪತ್ರಿಕೆಗಾಗಿ ಯಾರನ್ನೂ ಕರೆಸುವುದಿಲ್ಲ, ರಾಶಿಯಾಗುವವರೆಗೆ ಕಾಯುತ್ತಾರೆ. ರಾಶಿಯಾಗುವ ಹೊತ್ತಿಗೆ ಕಾಲೇಜುಗಳು ಶುರುವಾಗಿ, ಅಧ್ಯಾಪಕರು ಪ್ರವೇಶದ ಗಡಿಬಿಡಿಯಲ್ಲಿರುತ್ತಾರೆ. ಗಣಿತಕ್ಕೆ ಬರುವವರು ಮೊದಲೇ ಕಡಿಮೆ. ಕುಲಸಚಿವರ ಸಹಿ, ಕಂಪ್ಯೂಟರ್ ವಿಭಾಗ, ಪರಿಷ್ಕೃತ ಅಂಕಪಟ್ಟಿಯ ಮುದ್ರಣ ಎಲ್ಲ ಆಮೇಲಿನದು. ಇದರಲ್ಲಿ ಯಾರೂ ದುಷ್ಟರಿಲ್ಲ. ಎಲ್ಲರೂ ತಮ್ಮ ಮೇಜಿನ ಮುಂದಿನ ಕಾಗದ ಮುಗಿಸಿ ಮುಂದಿನ ಮೇಜಿಗೆ ಕಳಿಸುತ್ತಾರೆ. ಪ್ರವೇಶದ ಗಡುವು ಅವರ ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಮರುಎಣಿಕೆಗೆ ಇದರಲ್ಲಿ ಅರ್ಧ ಮೆಟ್ಟಿಲುಗಳೂ ಇಲ್ಲ. ಪತ್ರಿಕೆ ಕೈಗೆ ಸಿಕ್ಕರೆ ಮತ್ತೆ ಬೇಕಾದದ್ದು ಒಂದು ಕ್ಯಾಲ್ಕುಲೇಟರ್.

ಆಗಸ್ಟ್ ಬಂತು. ಈಗ ಬರೆಯುತ್ತಿರುವುದು ನನಗೆ ಎಲ್ಲಕ್ಕಿಂತ ನಾಚಿಕೆಯ ಭಾಗ. ಆ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಫೋನು ಮಾಡಿ, ಒಂದು ಪತ್ರಿಕೆಯಲ್ಲಿ ಹೀಗಾಗಿದೆ, ಮರುಮೌಲ್ಯಮಾಪನಕ್ಕೆ ಹಾಕಿದ್ದೇನೆ, ಏನು ಮಾಡಲಿ ಎಂದು ಕೇಳಬಹುದಿತ್ತು. ಫೇಲು ಎಂಬ ಮಾತನ್ನು ಅಲ್ಲಿ ಹೇಳಲು ನನ್ನಿಂದಾಗಲಿಲ್ಲ. ಅವರ ಪಟ್ಟಿಯಲ್ಲಿ ನಾನು ಜಾಣನಾಗಿದ್ದೆ, ಹಾಗೆಯೇ ಉಳಿಯಬೇಕಿತ್ತು. ಸೈಬರ್ ಸೆಂಟರಿನಿಂದ ಒಂದು ಫ್ಯಾಕ್ಸ್ ಕಳಿಸಿದೆ: ಟೈಫಾಯಿಡ್ ಆಗಿ ಮಲಗಿದ್ದೇನೆ, ಹಾಜರಾಗಲು ತಿಂಗಳ ಕೊನೆಯವರೆಗೆ ಅವಕಾಶ ಕೊಡಿ. ಅವರು ಕೊಟ್ಟರು. ಆ ತಿಂಗಳಿಡೀ ನಾನು ಪರೀಕ್ಷಾ ಭವನಕ್ಕೆ ಅಲೆದೆ. ನಾನು ಬರುತ್ತಿದ್ದಂತೆ ಕೇಸ್ ವರ್ಕರ್ ತಲೆಯೆತ್ತದೆಯೇ ಇನ್ನೂ ಇಲ್ಲ ಎಂದು ಕೈಯಾಡಿಸುತ್ತಿದ್ದರು. ಮರುಎಣಿಕೆಗೆ ಹಾಕಿದ್ದ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಅಷ್ಟರಲ್ಲಿ ತಿದ್ದಿದ ಅಂಕಪಟ್ಟಿ ತೆಗೆದುಕೊಂಡು ಬಿ.ಎಡ್. ಅರ್ಜಿ ಹಾಕಿದ್ದಳು. ಅದನ್ನು ಕಂಡೂ ನನಗೆ ಏನೂ ಅನ್ನಿಸಲಿಲ್ಲ. ಅವಳದ್ದು ಕೂಡುವ ತಪ್ಪು, ನನ್ನದು ಸಿದ್ಧಾಂತದ ಪ್ರಶ್ನೆ.

ತಿಂಗಳು ಮುಗಿಯಿತು. ಸೀಟು ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಯಿತು. ಅವರು ಯಾರೋ, ಎಲ್ಲಿಯವರೋ ಗೊತ್ತಿಲ್ಲ.

ಫಲಿತಾಂಶ ಬಂದದ್ದು ದೀಪಾವಳಿ ಕಳೆದ ಮೇಲೆ. 22 ಇದ್ದದ್ದು 66 ಆಗಿತ್ತು. ಅಪ್ಪ ಅಂಗಡಿಯಿಂದ ಮೈಸೂರ್ ಪಾಕ್ ತಂದರು. ನಾನು ಕಾಯಿನ್ ಬಾಕ್ಸಿನಿಂದ ಆ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ, ಇಷ್ಟು ದಿನ ಹೇಳದಿದ್ದ ನಿಜವನ್ನು ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆಯಿದ್ದ ಹೆಂಗಸು ಫೈಲು ತರಿಸಿ ನೋಡಿದರು. "ನಿಮಗೆ ಟೈಫಾಯಿಡ್ ಅಂತಿದೆಯಲ್ಲ?" ಅಂದರು. ಧ್ವನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ಗೊಂದಲವಿತ್ತು. ಮರುಮೌಲ್ಯಮಾಪನ ಬಾಕಿಯಿದೆ ಎಂದು ನಿಮ್ಮ ಪರೀಕ್ಷಾ ವಿಭಾಗದಿಂದ ಒಂದು ಪತ್ರ ತಂದಿದ್ದರೆ ಆಗಸ್ಟಿನಲ್ಲೇ ಸಮಿತಿಯ ಮುಂದಿಡಬಹುದಿತ್ತು, ಹಿಂದೆ ಹಾಗೆ ಮಾಡಿದ್ದುಂಟು, ಆಗುತ್ತಿತ್ತು ಎಂದು ಮಾತು ಕೊಡಲಾರೆ ಎಂದರು. ಒಂದು ರೂಪಾಯಿ ನಾಣ್ಯ ಮುಗಿದು ಫೋನು ಕಟ್ಟಾಯಿತು. ಮತ್ತೊಂದು ಹಾಕಲಿಲ್ಲ.

ಶುಲ್ಕ ಕಟ್ಟಿ ಕೇಳಿದ್ದ ಉತ್ತರಪತ್ರಿಕೆಯ ಜೆರಾಕ್ಸ್ ಅಂಚೆಯಲ್ಲಿ ಬಂದದ್ದು ಅದಕ್ಕೂ ಆಚೆಗೆ. ಲಕೋಟೆ ಒಡೆದು ಮೊದಲು ಹುಡುಕಿದ್ದು ರೆಸಿಡ್ಯೂ ಲೆಕ್ಕವನ್ನು. ಮೊದಲ ಮೌಲ್ಯಮಾಪಕ ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದ. ಅಂಚಿನಲ್ಲಿ ಸರಿ ಗುರುತು, ಅದರ ಪಕ್ಕ ಇನ್ನೊಂದು ಸರಿ ಗುರುತು. ಉಳಿದ ಲೆಕ್ಕಗಳಿಗೂ ಧಾರಾಳವಾಗಿಯೇ ಕೊಟ್ಟಿದ್ದ. ಮುಖಪುಟದ ಕೋಷ್ಟಕದಲ್ಲಿ ಮೊದಲೆರಡು ಭಾಗಗಳ ಅಂಕಗಳಿದ್ದವು. ಮುಂದಿನ ಭಾಗಗಳನ್ನು ನಾನು ಹೆಚ್ಚುವರಿ ಹಾಳೆಗಳಲ್ಲಿ ಬರೆದು ದಾರದಲ್ಲಿ ಕಟ್ಟಿದ್ದೆ. ಅಲ್ಲಿ ಬಿದ್ದ ಅಂಕಗಳು ಮುಖಪುಟಕ್ಕೆ ಬಂದೇ ಇರಲಿಲ್ಲ, ಆ ಮನೆಗಳು ಖಾಲಿ. ಪೆನ್ಸಿಲು ತೆಗೆದುಕೊಂಡು ನಾನೇ ಕೂಡಿದೆ. 68 ಬಂತು. ಮರುಎಣಿಕೆ ಹಾಕಿದ್ದರೆ ಮರುಮೌಲ್ಯಮಾಪನಕ್ಕಿಂತ ಎರಡು ಅಂಕ ಹೆಚ್ಚೇ ಸಿಗುತ್ತಿತ್ತು. ಎರಡನೆಯ ಮೌಲ್ಯಮಾಪಕರು ರೆಸಿಡ್ಯೂ ಲೆಕ್ಕಕ್ಕೆ ಎರಡು ಅಂಕ ಕಡಿದು, ಪಠ್ಯದ ವಿಧಾನ ಅನುಸರಿಸಿಲ್ಲ ಎಂದು ಬರೆದಿದ್ದರು. ನಾನು ಹುಡುಕಿಕೊಂಡು ಹೋದ ವಿದ್ವಾಂಸ ಅವರೇ.

ಈ ಕಾಗದವನ್ನು ನಾನು ಅಪ್ಪನಿಗೆ ತೋರಿಸಲಿಲ್ಲ.

ಮುಂದಿನ ವರ್ಷ ನಮ್ಮ ರಾಜ್ಯದಲ್ಲೇ ಎಂ.ಎಸ್ಸಿ. ಸೇರಿದೆ, ಮುಗಿಸಿದೆ, ಪಿಯು ಉಪನ್ಯಾಸಕನಾದೆ. ಬದುಕೇನೂ ಹಾಳಾಗಲಿಲ್ಲ. ಆದರೆ ಒಂದು ಚಟ ಅಂಟಿಕೊಂಡಿತು, ಉತ್ತರಪತ್ರಿಕೆಗೆ ಸಂಬಂಧಿಸಿದ ಕೋರ್ಟಿನ ತೀರ್ಪುಗಳನ್ನು ಓದುವುದು. ಮೊದಮೊದಲು ನನ್ನ ಕಡೆಗಿರುವ ತೀರ್ಪು ಸಿಗುತ್ತದೆಯೇ ಎಂದು ಹುಡುಕುತ್ತಿದ್ದೆ. 1984ರಲ್ಲಿ ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಮತ್ತು ಪರಿತೋಷ್ ಭೂಪೇಶ್‌ಕುಮಾರ್ ಶೇಠ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಅಂಕಗಳನ್ನು ಕೂಡಿದ್ದು ಸರಿಯೇ, ಎಲ್ಲ ಉತ್ತರಗಳನ್ನೂ ನೋಡಿದ್ದಾರೆಯೇ ಎಂದು ಪರಿಶೀಲಿಸಲು ಮಂಡಳಿಯ ನಿಯಮ ಅವಕಾಶ ಕೊಡುತ್ತಿತ್ತು, ಮರುಮೌಲ್ಯಮಾಪನಕ್ಕೆ ಕೊಡುತ್ತಿರಲಿಲ್ಲ. ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು. ಓದಿದಾಗ ಯಾರೋ ಬೇಕೆಂದೇ ನನಗಾಗಿ ಬರೆದಂತೆ ಅನ್ನಿಸಿತು. 2011ರ ಆಗಸ್ಟ್ 9ರಂದು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಅದೇ ಕೋರ್ಟು, ವಿದ್ಯಾರ್ಥಿಯ ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯಡಿ ಬರುವ ಮಾಹಿತಿ, ಆತ ಅದನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದು ಹೇಳಿತು. ನೋಡುವ ಹಕ್ಕಿನಿಂದ ಮರುಮೌಲ್ಯಮಾಪನದ ಹಕ್ಕು ತಾನಾಗಿ ಬರುವುದಿಲ್ಲ ಎಂದೂ ಅಲ್ಲೇ ಸೇರಿಸಿತು.

ನನಗೆ ಹೆಚ್ಚು ನಾಟಿದ್ದು 2019ರ ಡಿಸೆಂಬರಿನ ಎಸ್. ಕೃಷ್ಣ ಶ್ರದ್ಧಾ ತೀರ್ಪು. ಎಂಬಿಬಿಎಸ್ ಸೀಟಿನ ವಿಚಾರ. ವಿದ್ಯಾರ್ಥಿಯದೇನೂ ತಪ್ಪಿಲ್ಲದೆ ಸೀಟು ತಪ್ಪಿದ್ದರೆ, ಗಡುವು ಮುಗಿದಿದೆ ಎಂಬ ಒಂದೇ ಕಾರಣಕ್ಕೆ ಕೋರ್ಟು ಕೈಚೆಲ್ಲಬೇಕಿಲ್ಲ, ಅಪರೂಪದ ಪ್ರಕರಣಗಳಲ್ಲಿ ಅದೇ ವರ್ಷ, ಇಲ್ಲವೇ ಮುಂದಿನ ವರ್ಷ ಸೀಟು ಕೊಡಿಸಬಹುದು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದಕ್ಕೆ ಷರತ್ತುಗಳಿದ್ದವು. ವಿದ್ಯಾರ್ಥಿ ತಡಮಾಡದೆ ಬಾಗಿಲು ತಟ್ಟಿರಬೇಕು, ಆತನ ಕಡೆಯಿಂದ ತಪ್ಪಾಗಿರಬಾರದು. ಹನ್ನೊಂದು ವರ್ಷ ಹಳೆಯ ನನ್ನ ಫೈಲನ್ನು ಮನಸ್ಸಿನಲ್ಲೇ ಆ ಪೀಠದ ಮುಂದಿಟ್ಟು ನೋಡಿದೆ. ಟೈಫಾಯಿಡಿನ ಫ್ಯಾಕ್ಸ್ ಅದರಲ್ಲಿ ಎಲ್ಲಕ್ಕಿಂತ ಮೇಲಿತ್ತು.

ಈಗ ನಾನು ಮೇಜಿನ ಆಚೆ ಬದಿಯವನು. ಮೌಲ್ಯಮಾಪನ ಕೇಂದ್ರದಲ್ಲಿ ಏಪ್ರಿಲ್ ಬಿಸಿಲಿಗೆ ಫ್ಯಾನು ತಿರುಗಿ ಹಾಳೆಗಳು ಹಾರುತ್ತವೆ, ಉಪಮುಖ್ಯ ಪರೀಕ್ಷಕರು ಇನ್ನೊಂದು ಬಂಡಲು ಎನ್ನುತ್ತಾರೆ, ಊಟದ ನಂತರದ ಪತ್ರಿಕೆಗಳನ್ನು ಕಣ್ಣು ಎಳೆಯುತ್ತಲೇ ನೋಡಬೇಕಾಗುತ್ತದೆ. ಒಳಗೆ ಕೊಟ್ಟ ಅಂಕ ಮುಖಪುಟಕ್ಕೆ ಬಾರದೆ ಹೋಗುವುದು ಹೇಗೆಂದು ಅಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನಿಂದ ಹಾಗಾಗಿಲ್ಲ ಎಂದು ಆಣೆ ಮಾಡಲಾರೆ. ಇನ್ನೊಂದು ವಿಷಯವನ್ನಂತೂ ಆಣೆಯಿಲ್ಲದೆಯೇ ಹೇಳಬಹುದು. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ ಮಕ್ಕಳು ಕೊನೆಗೆ ಏಪ್ರಿಲ್ 12ರಂದು ಬರೆದರಲ್ಲ, ಅದೇ ತಿಂಗಳು ಉಪನ್ಯಾಸಕರು ಕುಮಾರ ನಾಯಕ್ ವರದಿಯಂತೆ ವೇತನ ಕೊಡಿ ಎಂದು ಮೌಲ್ಯಮಾಪನ ಬಹಿಷ್ಕರಿಸಿದ್ದರು. ನಾನೂ ಆ ಬಹಿಷ್ಕಾರದಲ್ಲಿದ್ದೆ. ಬೇಡಿಕೆ ನ್ಯಾಯವಾದದ್ದು ಎಂದು ಇವತ್ತಿಗೂ ಅನ್ನುತ್ತೇನೆ. ಧರಣಿಯಲ್ಲಿ ಕೂತಿದ್ದಾಗ ಫಲಿತಾಂಶ ತಡವಾದರೆ ಹೊರರಾಜ್ಯದ ಪ್ರವೇಶಕ್ಕೆ ಕಾದಿರುವ ಹುಡುಗರ ಗತಿಯೇನು ಎಂದು ಪತ್ರಕರ್ತನೊಬ್ಬ ಕೇಳಿದ. ಸರ್ಕಾರವನ್ನು ಕೇಳಿ ಎಂದು ಥಟ್ಟನೆ ಹೇಳಿದವನು ನಾನೇ.

ಪಿಯುನಲ್ಲಿ ಈಗ ಪದ್ಧತಿ ನನ್ನ ಕಾಲದ್ದಕ್ಕಿಂತ ವಾಸಿ. ಮೊದಲು 530 ರೂಪಾಯಿ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳುವುದು, ನೋಡುವುದು, ಆಮೇಲೆ ಬೇಕಿದ್ದರೆ 1670 ರೂಪಾಯಿ ಕಟ್ಟಿ ಮರುಮೌಲ್ಯಮಾಪನಕ್ಕೆ ಹೋಗುವುದು. ಬರೀ ಕೂಡುವ ತಪ್ಪಾದರೆ ಶುಲ್ಕವಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದ ಮೇಲೆ, ಜಗಳವೇ ಬೇಡ, ಮತ್ತೆ ಬರೆದುಬಿಡುತ್ತೇನೆ ಎನ್ನುವವರೂ ಇದ್ದಾರೆ. ಆದರೆ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾರ ಪಿಯು ಅಂಕಗಳದ್ದೇ ಆದ್ದರಿಂದ ಎಂಜಿನಿಯರಿಂಗಿಗೆ ಹೋಗುವ ಮಕ್ಕಳಿಗೆ ಮೇ, ಜೂನ್ ತಿಂಗಳು ಇವತ್ತಿಗೂ ಮುಳ್ಳಿನ ಮೇಲಿನದೇ. ಹಾಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಮೊದಲು ಕೂಡಿಸಿ ನೋಡಿ. ಅದರ ಜೊತೆಗೆ ನನ್ನ 22, 66, 68ರ ಕಥೆ.

ಕಳೆದ ವರ್ಷ ಗಣಿತದಲ್ಲಿ ನಿರೀಕ್ಷೆಗಿಂತ ಬಹಳ ಕಡಿಮೆ ಬಂದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಕಥೆ ಪೂರ್ತಿ ಕೇಳಿದಳು. "ನನ್ನ ಆನ್ಸರ್ ಅವರಿಗೆ ಅರ್ಥ ಆಗಿಲ್ಲ ಸರ್" ಅಂದಳು. ನನಗೆ ಸಿಟ್ಟು ಬಂತು. ಅದೇ ಸೊಕ್ಕು, ಅದೇ ಮಾತು. ಕೂಡಿಸಮ್ಮ ಮೊದಲು ಎಂದು ತುಸು ಜೋರಾಗಿಯೇ ಹೇಳಿದೆ. ಸ್ಕ್ಯಾನ್ ಪ್ರತಿ ಬಂದಾಗ ಮೊಬೈಲಿನಲ್ಲೇ ತೋರಿಸಿದಳು. ಪ್ರತಿ ಪುಟವನ್ನೂ ನಾನೇ ಕೂಡಿದೆ, ಮತ್ತೆ ಕೂಡಿದೆ. ಮೊತ್ತ ಸರಿಯಾಗಿತ್ತು. ಎರಡು ಐದಂಕದ ಪ್ರಶ್ನೆಗಳಲ್ಲಿ ಅವಳು ಪಠ್ಯಪುಸ್ತಕದ್ದಲ್ಲದ ಆದರೆ ನಿರ್ದುಷ್ಟವಾದ ದಾರಿ ಹಿಡಿದಿದ್ದಳು. ಎರಡಕ್ಕೂ ಉದ್ದಕ್ಕೆ ಕೆಂಪು ಗೀಟು, ಸೊನ್ನೆ.

ಮರುಮೌಲ್ಯಮಾಪನದ ಶುಲ್ಕ ಕಟ್ಟಲು ಅವತ್ತೇ ಕೊನೆಯ ದಿನವಾಗಿತ್ತು. ನನ್ನ ಮಾತು ಕೇಳಿಕೊಂಡು ಕೂಡಿಸುತ್ತಾ ಕೂತಿದ್ದರೆ ಅದು ದಾಟುತ್ತಿತ್ತು. ಅವಳು ಬೆಳಿಗ್ಗೆಯೇ ಕಟ್ಟಿ ಬಂದಿದ್ದಳು.